ಸಂಸ್ಥೆಯವ್ರು ಬಂದವ್ರೆ

ಹಳ್ಳಿಯ ಗಡಿ ದಾಟಿದ ಕೂಡಲೇ ನನ್ನ ಹೆಸರು ಹೋಗಿಬಿಡುತ್ತದೆ. ಅಪ್ಪ ಅಮ್ಮ ಜಾತಕ ನೋಡಿ ಇಟ್ಟ ಹೆಸರೊಂದು ಆಧಾರ್ ಕಾರ್ಡಿನಲ್ಲಿದೆ, ನಿಜ. ಆದರೆ ಅರಕಲಗೂಡು ಸೀಮೆಯ ಯಾವ ಜಗಲಿಯ ಮೇಲೂ ಅದಕ್ಕೆ ಚಲಾವಣೆಯಿಲ್ಲ. ಅಲ್ಲಿ ನಾನು ಬರೀ 'ಸಂಸ್ಥೆಯವ್ರು'. ಹಾಗೆ ಕರೆಸಿಕೊಳ್ಳುವುದಕ್ಕೂ ಕೆಲವು ವರ್ಷ ದುಡಿಯಬೇಕಾಯಿತು. ಮೊದಮೊದಲು ಹೆಗಲಿನ ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟ್ ಹಾಳೆ ಕಂಡು ಬ್ಯಾಂಕಿನ ವಸೂಲಿಯವನೆಂದು ಬಾಗಿಲು ಹಾಕಿಕೊಂಡವರುಂಟು. ಕುಟುಂಬ ಯೋಜನೆಯವನೆಂದು ಹಿತ್ತಿಲಿನಿಂದ ತೋಟಕ್ಕೆ ಜಾರಿದ ಗಂಡಸರುಂಟು. ಒಬ್ಬ ಅಜ್ಜಿಯಂತೂ ನನ್ನನ್ನು ಗಂಡಿನ ಕಡೆಯ ದಲ್ಲಾಳಿ ಅಂದುಕೊಂಡು, ಮೊಮ್ಮಗಳಿಗೆ ಸೀರೆ ಬದಲಿಸಲು ಹೇಳಿ, ಎರಡನೇ ಲೋಟ ಕಾಫಿಯ ನಂತರ ಹುಡುಗನಿಗೆ ನೀರಾವರಿ ಎಷ್ಟಿದೆ ಎಂದು ವಿಚಾರಿಸಿದರು.

ಹೊರದೇಶದ ನೆರವಿನಿಂದ ನಡೆಯುವ ಪುಟ್ಟ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತನ ದಿನಚರಿ ಸಿನಿಮಾ ಮಾಡುವಂಥದ್ದೇನಲ್ಲ. ಹಾಸನದ ಬಸ್ ನಿಲ್ದಾಣ, ಅಲ್ಲಿಂದ ತಾಲ್ಲೂಕು, ಅಲ್ಲಿಂದ ಸಿಕ್ಕಿದ ಗೂಡ್ಸ್ ಆಟೋ ಅಥವಾ ಯಾರದೋ ಬೈಕಿನ ಹಿಂಬದಿ. ಕೊನೆಗೆ ಮಾರಿಗುಡಿಯ ಮುಂದೆ ಚಾಪೆ ಹಾಸಿ ಮಹಿಳಾ ಸಂಘದ ಸಭೆ. ಸಭೆ ಎಷ್ಟು ಗಂಟೆಗೆ ಎಂಬುದನ್ನು ಹಸು ನಿರ್ಧರಿಸುತ್ತದೆ. ಡೇರಿಗೆ ಹಾಲು ಹಾಕಿ ಬರುವ ತನಕ ಯಾರೂ ಕೂರುವುದಿಲ್ಲ. ಈ ಡೇರಿಗಳ ಬೇರೂ ಒಂದು ನೆರವಿನ ಕಥೆಯೇ: 1974ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಹೈನುಗಾರಿಕೆ ಯೋಜನೆ ಶುರುವಾಯಿತು. ಈಗ ಆ ವಿಶ್ವಬ್ಯಾಂಕಿನವರೇ ಬಂದರೂ ಕ್ಯಾನು ತುಂಬುವವರೆಗೆ ಕಟ್ಟೆಯ ಮೇಲೆ ಕಾಯಬೇಕು.

ನನ್ನ ನಾಲ್ಕು ತಾಲ್ಲೂಕಿಗೆ ನಾಲ್ಕು ಪಂಚಾಂಗ. ಹಾಸನದ ಸುತ್ತ ಬೇಸಗೆಯಲ್ಲಿ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಎಪಿಎಂಸಿಗೆ ಬಂದವೆಂದರೆ ಯಾವ ತರಬೇತಿಗೂ ಜನ ಸಿಗರು. ಆಮೇಲೆ ಅಂಗಮಾರಿ ರೋಗ ಬಂದರೆ ನಾವೇ ಅವರ ಕಣ್ಣಿಗೆ ಬೀಳದಿರುವುದು ಕ್ಷೇಮ. ಅರಕಲಗೂಡಿನ ಕೊಣನೂರು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಮನೆಮಂದಿಯೆಲ್ಲ ರಾತ್ರಿ ಬ್ಯಾರನ್ನಿನ ಒಲೆ ಕಾಯುತ್ತಾರೆ, ಹಗಲು ಸಭೆಯಲ್ಲಿ ತೂಕಡಿಸುತ್ತಾರೆ. ಚನ್ನರಾಯಪಟ್ಟಣದವರು ತೆಂಗಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿ, ಎಳನೀರು ಕೆತ್ತಿಕೊಟ್ಟು, ನೀರಿನ ಮಿತಬಳಕೆಯ ಬಗ್ಗೆ ನಾನು ಹೇಳುವುದನ್ನೆಲ್ಲ ಸಮಾಧಾನದಿಂದ ಕೇಳುತ್ತಾರೆ. ಆಮೇಲೆ ಯಾರೋ ಒಬ್ಬರು ನೆಲವನ್ನು ಹೆಬ್ಬೆಟ್ಟಿನಿಂದ ತಟ್ಟಿ, "ಹೇಮಾವತಿ ನೀರು ಇಲ್ಲೇ ನಮ್ ಕಾಲಡೀಲೇ ತುಮ್ಕೂರಿಗೆ ಹೋಯ್ತದೆ ಸಾ. ಮಿತವಾಗಿ ಬಳಸ್ರಪ್ಪಾ ಅಂತ ಅವ್ರಿಗೂ ಒಂದ್ ಮಾತು ಹೇಳಿ" ಅನ್ನುತ್ತಾರೆ. ಬಾಗೂರು–ನವಿಲೆ ಸುರಂಗ ಅವರ ನೆಲದಡಿಯಲ್ಲೇ ಹಾದಿದೆ. ಎಳನೀರು ಗಂಟಲಲ್ಲಿ ನಿಲ್ಲುತ್ತದೆ.

ಹೊಳೇನರಸೀಪುರದಲ್ಲಿ ನನ್ನ ಕಷ್ಟ ಬೇರೆ ಬಗೆಯದು. 1996ರಲ್ಲಿ ದೇಶಕ್ಕೆ ಪ್ರಧಾನಮಂತ್ರಿಯನ್ನೇ ಕೊಟ್ಟ ತಾಲ್ಲೂಕದು. ಅಲ್ಲಿ 'ಸರ್ಕಾರಿ ಕಚೇರಿಗೆ ಅರ್ಜಿ ಬರೆಯುವುದು ಹೇಗೆ' ಎಂಬ ತರಬೇತಿ ಇಟ್ಟೆವು. ಊಟದ ಬಿಡುವಿನ ಹೊತ್ತಿಗೆ, ಯಾವ ಕಾಗದಕ್ಕೆ ಎಲ್ಲಿ ಮೊಹರು ಬೀಳಬೇಕು, ಯಾರಿಗೆ ಪ್ರತಿ ಹಾಕಿದರೆ ಕಡತ ಎದ್ದು ನಡೆಯುತ್ತದೆ ಎಂಬುದನ್ನು ಅವರು ನನಗೆ ಕಲಿಸಿದ್ದರು. ನಮ್ಮ ಸಂಸ್ಥೆಯದೇ ಒಂದು ಹಳೆಯ ಅರ್ಜಿ ಆ ಬುದ್ಧಿವಾದದಿಂದ ಮುಂದೆ ಹೋಯಿತು. ವರದಿಯಲ್ಲಿ ಮಾತ್ರ 'ಶಿಬಿರಾರ್ಥಿಗಳು ಪ್ರಯೋಜನ ಪಡೆದರು' ಎಂದು ಬರೆದೆ. ಪ್ರಯೋಜನ ಪಡೆದ ಶಿಬಿರಾರ್ಥಿ ಯಾರೆಂದು ನಮೂನೆ ಕೇಳಿರಲಿಲ್ಲ.

ಈ ಕೆಲಸದಲ್ಲಿ ನನಗೆ ಮನಸಾರೆ ಇಷ್ಟವಾದದ್ದು ರಂಗೋಲಿ. ಊರಿನ ಸಮೀಕ್ಷೆಯನ್ನು ಊರಿನವರೇ ಮಾಡಬೇಕು. ಬೀದಿಯಲ್ಲಿ ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಕಾಳು, ಸೊಪ್ಪು ಇಟ್ಟು ಕೊಟ್ಟು, ನಾವು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಪಿಆರ್‌ಎ ಎನ್ನುತ್ತಾರೆ ಇದಕ್ಕೆ. 1988ರಲ್ಲಿ ಕೀನ್ಯಾದ ಮಚಾಕೋಸ್ ಜಿಲ್ಲೆಯ ಮ್ಬುಸಾನ್ಯಿ ಎಂಬ ಹಳ್ಳಿಯಲ್ಲಿ ಒಂದು, ಅದೇ ವರ್ಷ ಗುಜರಾತಿನಲ್ಲಿ ಇನ್ನೊಂದು ಹೀಗೆ ಶುರುವಾಗಿ, ಮರುವರ್ಷವೇ ಮೈರಾಡ ಸಂಸ್ಥೆಯವರು ಇದನ್ನು ನಮ್ಮ ಕಡೆ ಹಿಡಿದುಕೊಂಡರು. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು ಲೋಕಕ್ಕೆಲ್ಲ ಹರಡಿದರು. ವಿದ್ವಾಂಸರು ಏನೇ ಅನ್ನಲಿ, ಬೀದಿಯಲ್ಲಿ ಪುಡಿ ಹಿಡಿದು ಊರು ಬರೆಯುವುದರಲ್ಲಿ ನಮ್ಮ ಹೆಂಗಸರಿಗೆ ಯಾರ ತರಬೇತಿಯೂ ಬೇಕಿರಲಿಲ್ಲ. ಅವರು ಮೊದಲು ಬರೆಯುವುದು ನೀರಿನ ನಲ್ಲಿ, ಎರಡನೆಯದು ಸಾರಾಯಿ ಸಿಗುವ ಮನೆ. ಗಂಡಸರು ಬಂದು ಎರಡನೆಯದನ್ನು ಕಾಲಿನಿಂದ ಅಳಿಸುತ್ತಾರೆ. ಹೆಂಗಸರು ಮತ್ತೆ ಬರೆಯುತ್ತಾರೆ, ಈ ಸಲ ಇನ್ನೂ ದೊಡ್ಡದಾಗಿ. ಒಂದೂರಿನಲ್ಲಿ ಹಲಸಿನ ಸೊಪ್ಪಿಟ್ಟು ಗೋಮಾಳದ ಕಾಡು ತೋರಿಸಿದ್ದರು. ಆಡೊಂದು ಬಂದು ಕಾಡನ್ನು ಪೂರ್ತಿ ಮೇಯ್ದು ಹೋಯಿತು. ನಾನು ಓಡಿಸಲು ಹೋದರೆ ಒಬ್ಬ ಮುದುಕರು ತಡೆದು, "ಬುಡಿ ಸಾ, ನಿಜ್ವಾಗ್ಲೂ ಹಿಂಗೇ ಆಗಿದ್ದು" ಅಂದರು.

ನನ್ನ ಷಡ್ಡಕನೂ ಇದೇ ಕಸುಬಿನವನು, ಆದರೆ ಅವನದು ಉಗಾಂಡ. ಬೀಗರ ಮನೆಯ ಸಮಾರಂಭಗಳಲ್ಲಿ ಅವನನ್ನು 'ಫಾರಿನ್‌ನಲ್ಲಿದ್ದಾರೆ' ಎಂದು ಪರಿಚಯಿಸುತ್ತಾರೆ, ನನ್ನನ್ನು 'ಇವರೂ ಅದೇ ಲೈನು' ಎಂದು. ಪೂರ್ವ ಉಗಾಂಡದ ಸೊರೋಟಿ ಕಡೆಯಿಂದ ಅವನು ರಾತ್ರಿ ಫೋನು ಮಾಡಿದರೆ ನಮ್ಮಿಬ್ಬರ ದಿನಚರಿ ತಾಳೆಯಾಗುತ್ತದೆ. ಅಲ್ಲೂ ಧೂಳು, ಬೈಕಿನ ಹಿಂಬದಿ, ಮರದಡಿಯ ಸಭೆ, ದಾನಿಗಳಿಗೆ ವರದಿ. ಹೋದ ಹೊಸದರಲ್ಲಿ ಊಟದ ಚಿಂತೆಯಿತ್ತಂತೆ. ಮೊದಲ ಹಳ್ಳಿಯಲ್ಲೇ ಮುಂದೆ ಬಂದದ್ದು ಬಿಸಿ ಮುದ್ದೆ. "ಅಣ್ಣಾ, ರಾಗಿ! ಮರಗೆಣಸಿನ ಹಿಟ್ಟು ಸೇರಿಸ್ತಾರೆ ಅಷ್ಟೆ. ಮುರಿದು, ಸಾರಲ್ಲಿ ಅದ್ದಿ, ಥೇಟ್ ನಮ್ಮಂಗೇ" ಎಂದ. ಸಂಜೆ ಅದೇ ರಾಗಿಯಿಂದ ಮಾಡಿದ ಮದ್ಯದ ಮಡಕೆಯನ್ನು ನಡುವೆ ಇಟ್ಟು, ಹಿರಿಯರು ಸುತ್ತ ಕೂತು ಮಾರುದ್ದದ ಕೊಳವೆಗಳಿಂದ ಹೀರುತ್ತಾರಂತೆ. ಇವನೂ ಹೀರಿದನೇ ಎಂದು ಕೇಳಿದೆ. ಸಿಗ್ನಲ್ ಸರಿಯಿಲ್ಲ ಎಂದ.

ಅವನಿಗೆ ಆಶ್ಚರ್ಯವಾದದ್ದು ನನಗೆ ಆಶ್ಚರ್ಯವಾಗಲಿಲ್ಲ. ರಾಗಿ ಅಲ್ಲಿಂದಲೇ ಬಂದದ್ದು; ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ, ಯಾವ ಯೋಜನಾ ವರದಿಯೂ ಇಲ್ಲದೆ. ನಮ್ಮ ಕಾಲದಲ್ಲೂ ಅದು ಇನ್ನೊಮ್ಮೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಕಣ್ಣು ಬೆನ್ನು ಎರಡನ್ನೂ ಬೇಡುವ ಕೆಲಸ ಅದು. ಅದರ ಇಳುವರಿ ಉಂಡು ಬೆಳೆದ ಜಿಲ್ಲೆಯಿಂದ ನನ್ನ ಷಡ್ಡಕ ವಿಮಾನ ಹತ್ತಿ, ಆಹಾರ ಭದ್ರತೆಯ ಬಗ್ಗೆ ಹೇಳಿಕೊಡಲು ಉಗಾಂಡಕ್ಕೆ ಹೋಗಿದ್ದಾನೆ. ಇದನ್ನು ಅವನಿಗೆ ಹೇಳಿದಾಗಲೂ ಸಿಗ್ನಲ್ ಹೋಯಿತು.

ಅವನ ಸುದ್ದಿಯನ್ನೆಲ್ಲ ನಾನು ಅರಕಲಗೂಡಿನ ಕಡೆಯ ಒಂದು ಸಂಘಕ್ಕೆ ತಲುಪಿಸುತ್ತೇನೆ. ಉಳಿತಾಯದ ಮಹತ್ವಕ್ಕಿಂತ ಅದನ್ನೇ ಅವರು ಹೆಚ್ಚು ಇಷ್ಟಪಟ್ಟು ಕೇಳುವುದು. ಮುದ್ದೆಯ ಸುದ್ದಿಗೆ, "ಮತ್ತೆ ಮನುಷ್ರು ಇನ್ನೇನು ತಿಂತಾರೆ?" ಎಂದರು. ಅಲ್ಲಿನ ಉಳಿತಾಯ ಗುಂಪುಗಳ ಪೆಟ್ಟಿಗೆಯ ಸುದ್ದಿ ಮಾತ್ರ ನಾಟಿತು. 1991ರಲ್ಲಿ ನೈಜರ್ ದೇಶದ ಹಳ್ಳಿ ಹೆಂಗಸರ ನಡುವೆ ಶುರುವಾದ ಪದ್ಧತಿ, ಈಗ ಉಗಾಂಡದಲ್ಲೂ ಬಳಕೆಯಲ್ಲಿದೆ. ದುಡ್ಡು ಬ್ಯಾಂಕಿಗೆ ಹೋಗುವುದಿಲ್ಲ. ತಗಡಿನ ಪೆಟ್ಟಿಗೆಯಲ್ಲಿಟ್ಟು ಮೂರು ಬೀಗ ಹಾಕುತ್ತಾರೆ. ಮೂರು ಕೀಲಿ ಮೂವರ ಮನೆಯಲ್ಲಿ. ಎಲ್ಲರೂ ಸೇರಿದಾಗಲೇ ಮುಚ್ಚಳ ಏಳುವುದು.

"ಮೂರು ಬೀಗನಾ? ಹಂಗಾರೆ ಒಬ್ರನ್ನೊಬ್ರು ನಂಬಕಿಲ್ವಾ?" ಎಂದು ಅಧ್ಯಕ್ಷೆ ಕೇಳಿದರು.

"ನಂಬ್ತಾರೆ ಕಣಕ್ಕಾ, ಅದ್ಕೇ ಮೂರ್ ಜನಕ್ಕೆ ಕೊಟ್ಟವ್ರೆ" ಎಂದಳು ಲೆಕ್ಕ ಬರೆಯುವ ಹುಡುಗಿ.

ಮುಂದಿನ ಸಭೆಗೆ ಹೋದಾಗ ಚಾಪೆಯ ನಡುವೆ ಹಸಿರು ಬಣ್ಣದ ಹೊಸ ಟ್ರಂಕು ಕೂತಿತ್ತು, ಮೂರು ಬೀಗದೊಂದಿಗೆ. ನಾನು ಗಾಬರಿಯಾದೆ, ನಮ್ಮ ಬಜೆಟ್ಟಿನಲ್ಲಿ ಟ್ರಂಕಿಗೆ ಕಾಲಂ ಇಲ್ಲ. ಅಧ್ಯಕ್ಷೆ ನಡಾವಳಿ ಪುಸ್ತಕ ತೆಗೆದು ತೋರಿಸಿದರು. ಸಭೆಗೆ ತಡವಾಗಿ ಬಂದವರಿಂದ ಎತ್ತಿದ ದಂಡದ ಬಾಬ್ತಿನಲ್ಲಿ ಕೊಂಡದ್ದಂತೆ. ಹೆಸರುಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ದಂಡ ಕಟ್ಟಿದವರು 'ಸಂಸ್ಥೆಯವ್ರು'. ಕೊಣನೂರಿನ ಬಸ್ಸು ಎಂದಾದರೂ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಟ್ರಂಕು ಇಷ್ಟು ದೊಡ್ಡದು ಸಿಗುತ್ತಿರಲಿಲ್ಲ ಎಂದು ಎಲ್ಲರೂ ಒಪ್ಪಿದರು.