ಲೆಕ್ಕಕ್ಕಿಲ್ಲದ ಹೆಜ್ಜೆ

(ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆ. ಬೋರ್ಟನ್-ಆನ್-ದ-ವಾಟರ್ ಊರೆಲ್ಲ ಸುತ್ತಿ, ಲೋವರ್ ಸ್ಲಾಟರ್ ಕಡೆಗಿನ ಕಾಲುದಾರಿ. ರಾಯರ ಮಣಿಕಟ್ಟಿಗೆ ಮಗಳು ಕೊಡಿಸಿದ ಸ್ಮಾರ್ಟ್ ವಾಚು. ಸರೋಜಮ್ಮನ ಕೈಲಿ ನಕ್ಷೆ.)

ರಾಯರು: 8,104... 8,105...

ಸರೋಜಮ್ಮ: ರೀ, ಬೇಲಿ ಮೇಲೆ ರಾಬಿನ್ ನೋಡ್ರೀ! ಎದೆಗೆ ಕುಂಕುಮ ಬಳಿದ ಹಾಗಿದೆ.

ರಾಯರು: ತಡಿಯೇ, ಲೆಕ್ಕ ತಪ್ಪುತ್ತೆ.

ಸರೋಜಮ್ಮ: ಲೆಕ್ಕ ಇಡೋದು ವಾಚಲ್ವೇ?

ರಾಯರು: ಅದು ಸರಿಯಾಗಿ ಇಡುತ್ತೋ ಇಲ್ಲವೋ ಯಾರು ನೋಡಬೇಕು? ಮೂವತ್ತು ವರ್ಷ ಆಡಿಟ್ ಮಾಡಿದ ಕಣ್ಣು ಇದು. ಅದ್ಸರಿ, ಸ್ಲಾಟರ್ ಅಂದ್ರೆ ಕಸಾಯಿಖಾನೆ ತಾನೆ? ಏಕಾದಶಿ ದಿನ ಅಲ್ಲಿಗ್ಯಾಕೇ?

ಸರೋಜಮ್ಮ: ಹಳೇ ಇಂಗ್ಲಿಷಲ್ಲಿ ಅದು ಕೆಸರಿನ ಜಾಗ. ಕೆಸರೂರು ಅಂದ್ಕೊಳ್ಳಿ. ನಂಬಿಕೆ ಬರದಿದ್ರೆ ನಿಮ್ಮ ಬೂಟು ನೋಡ್ಕೊಳ್ಳಿ.

(ರಾಯರು ಗೇಟು ದಾಟಿ, ವಾಪಸು ಬಂದು, ಮತ್ತೆ ದಾಟುತ್ತಾರೆ.)

ಸರೋಜಮ್ಮ: ಇದೇನ್ರೀ ಪ್ರದಕ್ಷಿಣೆ?

ರಾಯರು: ಹೋಗಿ ಬಂದ್ರೆ ಎಂಟು ಹೆಜ್ಜೆ ಕಣೇ!

ಸರೋಜಮ್ಮ: ಅದು ಕಿಸ್ಸಿಂಗ್ ಗೇಟು. ಮನುಷ್ಯರು ಒಬ್ಬೊಬ್ಬರೇ ತೂರಬಹುದು, ದನಕುರಿ ತೂರೋಕಾಗಲ್ಲ. ಪಾಪ, ಕುರಿಗಳೆಲ್ಲ ಮೇಯೋದು ಬಿಟ್ಟು ನಿಮ್ಮನ್ನೇ ನೋಡ್ತಿವೆ.

ರಾಯರು: ಹೊಲದವನು ಅಟ್ಟಿಸಿಕೊಂಡು ಬಂದ್ರೆ? ಓಡಿದ್ರೆ ಹೆಜ್ಜೆ ಜಾಸ್ತಿ ಆಗುತ್ತೆ, ಅದು ಬೇರೆ ಮಾತು.

ಸರೋಜಮ್ಮ: ಯಾರೂ ಅಟ್ಟಲ್ಲ. ಕಂಬದ ಮೇಲಿನ ಹಳದಿ ಬಾಣ ಸಾರ್ವಜನಿಕ ಕಾಲುದಾರಿಯ ಗುರುತು. ಹೊಲ ಅವನದು, ನಡೆಯೋ ಹಕ್ಕು ಊರಿನದು. ನೀಲಿ ಬಾಣ ಇದ್ರೆ ಕುದುರೆಗೂ ಹಕ್ಕು. ಬೆಟ್ಟದಲ್ಲಿ ಓಡಾಡೋ ಹಕ್ಕು ಬೇಕು ಅಂತ 1932ರಲ್ಲಿ ಕಿಂಡರ್ ಸ್ಕೌಟ್ ಹತ್ತಿದವರಲ್ಲಿ ಕೆಲವರು ಜೈಲಿಗೂ ಹೋದ್ರು.

ರಾಯರು: ಜೈಲಲ್ಲಿ ದಿನಕ್ಕೆ ಎಷ್ಟು ಹೆಜ್ಜೆ ಆಗಿದ್ದೀತು?

ಸರೋಜಮ್ಮ: (ಆಕಾಶ ತೋರಿಸಿ) ಕವಲು ಬಾಲದ ಗಿಡುಗ! ಇಂಗ್ಲೆಂಡಲ್ಲಿ ಇದರ ಸಂತಾನವೇ ಅಳಿದುಹೋಗಿತ್ತು. 1989ರಿಂದ ಸ್ಪೇನಿನ ಮರಿ ತಂದು ಚಿಲ್ಟರ್ನ್ಸ್ ಗುಡ್ಡದಲ್ಲಿ ಬಿಟ್ರು.

ರಾಯರು: ಹಾರಿದ್ದಕ್ಕೆ ಹೆಜ್ಜೆ ಲೆಕ್ಕ ಸಿಗಲ್ಲ. ನಷ್ಟ. 9,702...

ಸರೋಜಮ್ಮ: ದಿನಕ್ಕೆ 10,000 ಹೆಜ್ಜೆ ಅನ್ನೋ ನಿಮ್ಮ ಗುರಿ ಯಾವ ವೇದದಲ್ಲಿದೆ ಗೊತ್ತೇ? 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ‘ಮಾಂಪೊ-ಕೇ’ ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆ ಮೀಟರು ಅಂತ ಅರ್ಥ. ಡಾಕ್ಟರ ಚೀಟಿ ಅಲ್ಲ, ಅಂಗಡಿ ಬೋರ್ಡು! 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ 7,500 ದಾಟಿದ ಮೇಲೆ ಹೆಚ್ಚಿನ ಲಾಭವೇ ಕಾಣಲಿಲ್ಲ.

ರಾಯರು: ಅದು ಹೆಂಗಸರ ಬಾಬ್ತು. ಗಂಡಸರದು ಬೇರೆ ಖಾತೆ.

ಸರೋಜಮ್ಮ: ಅಗೋ, ಮಿಂಚುಳ್ಳಿ! ನೀರಿನ ಮೇಲೆ ನೀಲಿ ಗೆರೆ ಎಳೆದ ಹಾಗೆ... ಹೋಯ್ತು.

ರಾಯರು: ಅಯ್ಯಯ್ಯೋ!

ಸರೋಜಮ್ಮ: ನೋಡೋಕಾಗಲಿಲ್ಲ ಅಂತಲೇ?

ರಾಯರು: ಮಿಂಚುಳ್ಳಿ ಹಾಳಾಗಲಿ, 9,991ಕ್ಕೆ ಚಾರ್ಜು ಖಾಲಿ! ಇನ್ನು ಎಷ್ಟು ನಡೆದ್ರೂ ಲೆಕ್ಕಕ್ಕಿಲ್ಲ. ನಾನಿಲ್ಲೇ ಕೂತೆ.

(ಸರೋಜಮ್ಮ ಪಕ್ಕದಲ್ಲಿ ಕೂತು, ಚೀಲದಿಂದ ಜಾಮು ಸವರಿದ ಸ್ಕೋನ್ ತೆಗೆಯುತ್ತಾರೆ.)

ರಾಯರು: ನನಗೂ ಒಂದು ಕೊಡೇ.

ಸರೋಜಮ್ಮ: ಏಕಾದಶಿ?

ರಾಯರು: ವಾಚು ಆಫ್ ಆಗಿದೆಯಲ್ಲೇ!