ಬೆಂಗಳೂರಿನಲ್ಲಿ ಟಿಕೆಟ್ ಕೊಳ್ಳುವ ಕೈಪಿಡಿ (ಪರಿಷ್ಕೃತ ಆವೃತ್ತಿ)

ಓದುವ ಮುನ್ನ: ಈ ಕೈಪಿಡಿ ಬಿಎಂಟಿಸಿ ಬಸ್ಸಿಗೂ ಸಲ್ಲುತ್ತದೆ, ನಮ್ಮ ಮೆಟ್ರೊಗೂ ಸಲ್ಲುತ್ತದೆ. ಎರಡು ಕಡೆಯೂ ಸಲ್ಲುವುದು ಕೈಪಿಡಿ ಮಾತ್ರ, ಟಿಕೆಟ್ ಅಲ್ಲ.

ಬೇಕಾಗುವ ಸಾಮಗ್ರಿ: ಚಾರ್ಜ್ ಇರುವ ಫೋನು, ಅದರಲ್ಲಿ ಡೇಟಾ, ಡೇಟಾ ಇದ್ದರೂ ಬೇಕಾದ ನೆಟ್‌ವರ್ಕ್, ಮೆಟ್ರೊ ಸ್ಮಾರ್ಟ್ ಕಾರ್ಡು, ಬಸ್ ಪಾಸಿನ ಆ್ಯಪ್, ಮಹಿಳೆಯರಿಗಾದರೆ ಆಧಾರ್, ಮತ್ತು ಇವೆಲ್ಲ ಕೈಕೊಟ್ಟಾಗ ಕಾಪಾಡುವ ಚಿಲ್ಲರೆ. ಚಿಲ್ಲರೆಯನ್ನೇ ಮೊದಲು ಬರೆಯಬೇಕಿತ್ತು. ಆಧುನೀಕರಣದ ಮರ್ಯಾದೆ ಉಳಿಯಲೆಂದು ಕೊನೆಗಿಟ್ಟಿದ್ದೇವೆ.

ಬಸ್ಸಿನಲ್ಲಿ ನಗದು ಬಳಸುವ ವಿಧಾನ: 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿ, 5 ರೂಪಾಯಿ ಇದ್ದ ಕನಿಷ್ಠ ದರ 6 ಆಯಿತು. ಐದರ ನಾಣ್ಯ ಉಂಟು, ಹತ್ತರದ್ದೂ ಉಂಟು. ಆರರ ನಾಣ್ಯವನ್ನು ಯಾರೂ ಟಂಕಿಸಿಲ್ಲ. ನೀವು ಹತ್ತು ಕೊಟ್ಟಿರೆನ್ನಿ. ಕಂಡಕ್ಟರ್ ಬ್ಯಾಗಿನೊಳಗೆ ಒಮ್ಮೆ ಕೈಯಾಡಿಸಿ, ಟಿಕೆಟ್ಟಿನ ಬೆನ್ನಿಗೆ ಪೆನ್ನಿನಿಂದ 4 ಎಂದು ಗೀಚಿ, ‘ಇಳಿಯೋವಾಗ ಇಸ್ಕೊಳ್ಳಿ’ ಎನ್ನುತ್ತಾರೆ. ಆ ತೆಳ್ಳನೆಯ ಚೀಟಿ ಈಗ ಸಾಲಪತ್ರ. ಅದನ್ನು ಬೆವರು ತಾಗದಂತೆ ಕಾಪಾಡುವುದು, ಸ್ಟಾಪ್ ಬರುವ ಮೊದಲೇ ಜನರನ್ನು ಸರಿಸಿಕೊಂಡು ಕಂಡಕ್ಟರ್ ಹತ್ತಿರ ಸೇರುವುದು ಪ್ರಯಾಣಿಕರ ಜವಾಬ್ದಾರಿ. ನಾಲ್ಕು ರೂಪಾಯಿಗೆ ಇಷ್ಟು ಪಾಡೇಕೆ ಎಂದು ಬಿಟ್ಟುಕೊಡುವ ಆಯ್ಕೆಯೂ ಇದೆ. ಬಹುಮಂದಿ ಇದನ್ನೇ ಆರಿಸಿಕೊಳ್ಳುತ್ತಾರೆ.

ಯುಪಿಐ ವಿಧಾನ: ಮೊದಲು ಕ್ಯೂಆರ್ ಚೀಟಿ ಎಲ್ಲಿದೆ ಎಂದು ಪತ್ತೆಮಾಡಿ. ಅದು ಕಂಡಕ್ಟರ್ ಕೊರಳಿನಲ್ಲಿರಬಹುದು, ಕಿಟಕಿ ಗಾಜಿನ ಮೇಲಿರಬಹುದು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಡ್ರೈವರ್ ಬ್ರೇಕ್ ಹಾಕದ ಗಳಿಗೆ ನೋಡಿ ಸ್ಕ್ಯಾನ್ ಮಾಡಿ. ಮೊತ್ತ ಒತ್ತಿ, ಪಿನ್ ಒತ್ತಿ. ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ ಗಾಬರಿ ಬೇಡ, ಬಸ್ಸಿನ ಚಕ್ರವೂ ತಿರುಗುತ್ತಲೇ ಇದೆ. ಯಾವುದು ಮೊದಲು ತಲುಪುತ್ತದೆ ನೋಡೋಣ. ‘ಆಯ್ತಾ, ತೋರ್ಸಿ’ ಎಂದಾಗ ಫೋನನ್ನು ಮೇಲಕ್ಕೆತ್ತಿ. ಇದರಲ್ಲಿ ಚಿಲ್ಲರೆ ರಗಳೆ ಇಲ್ಲ, ನಿಜ. ಮೊದಲು ಕಂಡಕ್ಟರ್ ಮಾಡುತ್ತಿದ್ದ ಲೆಕ್ಕವನ್ನು ಈಗ ನೀವು ನಿಂತಲ್ಲೇ ಮಾಡುತ್ತಿದ್ದೀರಿ, ಅಷ್ಟೇ.

ಶೂನ್ಯ ಟಿಕೆಟ್: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಾಗೆಂದು ಸುಮ್ಮನೆ ಕೂರುವಂತಿಲ್ಲ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಈ ಟಿಕೆಟ್ಟುಗಳ ಲೆಕ್ಕದ ಮೇಲೆ. ಆದ್ದರಿಂದ ಕಾರ್ಡು ತೋರಿಸಿ, ಚೀಟಿ ಪಡೆಯಿರಿ, ಇಳಿಯುವವರೆಗೂ ಜೋಪಾನ ಮಾಡಿ. ದುಡ್ಡೇ ಬೇಡದ ಟಿಕೆಟ್ಟಿಗೂ ಯಂತ್ರ ಕಿರ್ರೆನ್ನಬೇಕು, ಕಂಡಕ್ಟರ್ ಜನಜಂಗುಳಿಯಲ್ಲಿ ತೂರಿಕೊಂಡು ಮುಂದಿನ ಸೀಟಿನವರೆಗೂ ಬರಬೇಕು. ನಮ್ಮ ಮಟ್ಟಿಗೆ, ನಗರದಲ್ಲಿ ಸರಿಯಾಗಿ ನಡೆಯುತ್ತಿರುವ ಪಾವತಿ ವ್ಯವಸ್ಥೆಯೆಂದರೆ ಇದೊಂದೇ.

ಮೆಟ್ರೊ: 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗಿನ ಪ್ಲಾಸ್ಟಿಕ್ ಟೋಕನ್ ಇನ್ನೂ ಇದೆ. ಒಳಹೋಗುವಾಗ ತಾಗಿಸಿ, ಹೊರಬರುವಾಗ ಕಿಂಡಿಗೆ ಹಾಕಿ. ಕಾರ್ಡು ಬಂದರೂ ಟೋಕನ್ ಹೋಗಲಿಲ್ಲ. 2022ರ ರಾಜ್ಯೋತ್ಸವದ ದಿನ ವಾಟ್ಸ್‌ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಬಂತು, ಕಾರ್ಡೂ ಹೋಗಲಿಲ್ಲ. ಆಮೇಲೆ, ದೇಶಕ್ಕೆಲ್ಲ ಒಂದೇ ಎಂದು 2019ರಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದ ಕಾರ್ಡೂ ಇದೇ ಗೇಟಿಗೆ ಬಂತು. ಯಾವುದು ಬಳಸಿದರೂ ಗೇಟಿನ ಮುಂದೆ ನಿಂತು ಫೋನು ತಡಕಾಡಬೇಡಿ, ಹಿಂದಿನವರು ಆಫೀಸಿಗೆ ಹೋಗಬೇಕಾದವರು. ಆರು ಜನರವರೆಗೆ ಒಂದೇ ಕ್ಯೂಆರ್ ಕೊಳ್ಳಬಹುದು. ಫೋನು ಹಿಡಿದವರು ಉತ್ಸಾಹದಿಂದ ಮೊದಲು ನುಗ್ಗಿದರೆ ಉಳಿದ ಐವರು ಆಚೆಯೇ.

ದೋಷ ನಿವಾರಣೆ: ಹಣ ಕಡಿತವಾಗಿ ಟಿಕೆಟ್ ಬಾರದಿದ್ದರೆ ಕಾಯಿರಿ. ಬ್ಯಾಟರಿ ಹೋದರೆ ಪಕ್ಕದವರನ್ನು ಕೇಳಿ. ಮೆಟ್ರೊ ಇಳಿದು ಬಸ್ ಹತ್ತಿದರೆ ಈ ಕೈಪಿಡಿಯನ್ನು ಮೊದಲಿನಿಂದ ಓದಿ.

ತಯಾರಕರ ಗಮನಕ್ಕೆ: ಹೊಸ ಆ್ಯಪ್ ಇನ್ನು ಸಾಕು. ಎರಡೂ ನಿಗಮದವರು ಒಂದು ಮೇಜಿನ ಮುಂದೆ ಕೂತು, ಬಸ್ಸಿಗೂ ಮೆಟ್ರೊಗೂ ನಡೆಯುವ ಒಂದು ಟಿಕೆಟ್ ಕೊಡಿ. ಅಲ್ಲಿಯವರೆಗೆ ಕಂಡಕ್ಟರ್ ಬ್ಯಾಗಿಗೆ ಬೆಳಿಗ್ಗೆಯೇ ಒಂದಷ್ಟು ಎರಡರ ನಾಣ್ಯ ಹಾಕಿಸಿ.