ದವಡೆಗೂ ಒಂದು ಕೀಲುಂಟು

ಗದಗ ಸೀಮೆಯಲ್ಲಿ ಮನುಷ್ಯನ ತಬ್ಯತ್ತು ಅಳೆಯುವುದು ನಾಡಿ ಹಿಡಿದಲ್ಲ, ರೊಟ್ಟಿ ಎಣಿಸಿ. ಜ್ವರ ಬಂದು ಮಲಗಿದವನನ್ನು ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ 'ಜ್ವರ ಎಷ್ಟದ?' ಎಂದಲ್ಲ, 'ರೊಟ್ಟಿ ಎಷ್ಟು ಉಂಡಾನ?' ಎಂದು. 'ಅರ್ಧಾನೂ ಮುಟ್ಟಿಲ್ರಿ' ಎಂದರೆ ಬಂದವರ ಮುಖ ಸಣ್ಣದಾಗುತ್ತದೆ. 'ಎರಡು ಉಂಡ್ರು' ಎಂದರೆ 'ಹಂಗಾರ ಚಿಂತಿಲ್ಲ ಬಿಡ್ರಿ' ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ಈ ರೊಟ್ಟಿಯ ಲೆಕ್ಕದಲ್ಲಿ ಹೊಗಳಿಕೆಯೆಲ್ಲ ಹೊಟ್ಟೆಗೆ, ಮಿಕ್ಕಿದ್ದು ಹಲ್ಲಿಗೆ, ಇನ್ನೂ ಉಳಿದರೆ ನಾಲಿಗೆಗೆ. ಕಿವಿಯ ಮುಂದೆ ಒಂದು ಬೆರಳಿನ ತುದಿಯಷ್ಟು ಜಾಗದಲ್ಲಿ ಕೂತು, ರೊಟ್ಟಿಯನ್ನು ರೊಟ್ಟಿಯಾಗಿ ಒಳಗೆ ಬಿಡದೆ ಹಿಟ್ಟು ಮಾಡಿ ಕಳಿಸುವ ದವಡೆಯ ಕೀಲಿಗೆ ಇಂದಿನವರೆಗೆ ಯಾರೂ ಒಂದು ಶಾಲು ಹೊದಿಸಿದ್ದಿಲ್ಲ.

ಅದು ಶಾಲು ಕೇಳುವುದೂ ಇಲ್ಲ. ಕೆಟ್ಟಾಗ ಮಾತ್ರ ತಾನಿದ್ದೇನೆ ಎಂದು ಹೇಳುತ್ತದೆ. ನನ್ನದು ಹೇಳಿದ್ದು ಬೆಟಗೇರಿಯಲ್ಲಿ, ಒಂದು ಸಂಜೆ, ಗಿರ್ಮಿಟ್ಟಿನ ಜೊತೆ ಕೊಟ್ಟ ಮಿರ್ಚಿಯನ್ನು ಕಚ್ಚಲು ಬಾಯಿ ಅಗಲಿಸಿದಾಗ. ಎಡಗಿವಿಯ ಬುಡದಲ್ಲಿ 'ಕಟಕ್' ಎಂದಿತು. ಬಾಯಿ ಮುಚ್ಚಿದೆ, ಇನ್ನೊಮ್ಮೆ 'ಕಟಕ್'. ಪಕ್ಕದಲ್ಲಿ ಕೂತವರು 'ಹರಳು ಸಿಕ್ತೇನ್ರಿ?' ಎಂದು ತಮ್ಮ ಗಿರ್ಮಿಟ್ಟನ್ನು ಬೆರಳಿನಿಂದ ಕೆದಕಿ ನೋಡಿಕೊಂಡರು.

ಮರುದಿನದ ಹೊತ್ತಿಗೆ ಓಣಿಯಲ್ಲಿದ್ದವರೆಲ್ಲ ಡಾಕ್ಟರಾಗಿದ್ದರು. ಎದುರು ಮನೆಯ ಕಾಕಾ ಕಿವಿಯಲ್ಲಿ ಹುಳ ಹೊಕ್ಕಿದೆ ಎಂದರು. ಹಿಂದಿನ ಮನೆಯ ಅಜ್ಜಿ ಗಲ್ಲ ಮುಟ್ಟಿ ನೋಡಿ ಮಂಗನಬಾವು ಎಂದು ತೀರ್ಪು ಕೊಟ್ಟು, ಕೆಮ್ಮಣ್ಣು ಹಚ್ಚಲು ಹೇಳಿದರು. ನಮ್ಮ ಅವ್ವ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟಳು. ಉಳಿದವರ ಔಷಧ ಬಿಡಿ, ಅವ್ವನದು ಸರಿಯಾಗಿಯೇ ಇತ್ತು ಎಂದು ಮುಂದೆ ಡಾಕ್ಟರೇ ಒಪ್ಪಿದರು. ಅದರ ಹಮ್ಮು ಆಕೆಗೆ ಇನ್ನೂ ಇಳಿದಿಲ್ಲ.

ಡಾಕ್ಟರ ಹತ್ತಿರ ಅವ್ವನೂ ಬಂದಳು. ಆಕೆಯ ಬಾಯಲ್ಲಿ ಹಲ್ಲಿಲ್ಲ. ಹಲ್ಲಿನ ಡಾಕ್ಟರು ಹಲ್ಲಿದ್ದವರಿಗೆ ಏನು ಮಾಡುತ್ತಾರೆ ಎಂದು ನೋಡುವ ಕುತೂಹಲ. ಡಾಕ್ಟರು ನನ್ನ ಎರಡೂ ಕಿವಿಯ ಮುಂದೆ ಒಂದೊಂದು ಬೆರಳಿಟ್ಟು, 'ನಿಧಾನಕ್ಕ ಬಾಯಿ ತಗೀರಿ, ನಿಧಾನಕ್ಕ ಮುಚ್ಚರಿ' ಎಂದರು. ನೀವೂ ಮಾಡಿ ನೋಡಬಹುದು: ಬೆರಳಿನ ಕೆಳಗೆ ಒಂದು ಗುಂಡನೆಯ ಎಲುಬು ಮೊದಲು ಇದ್ದಲ್ಲೇ ತಿರುಗುತ್ತದೆ, ಬಾಯಿ ಇನ್ನಷ್ಟು ಅಗಲವಾದಾಗ ಜಾಗ ಬಿಟ್ಟು ಮುಂದಕ್ಕೆ ಜಾರುತ್ತದೆ, ಅದು ಬಿಟ್ಟು ಹೋದಲ್ಲಿ ಬೆರಳಿಗೆ ಒಂದು ಕುಳಿ ಸಿಗುತ್ತದೆ. ಮೊಣಕೈ ಬರೀ ಮಡಚುತ್ತದೆ. ದವಡೆಯ ಕೀಲು ತಿರುಗುವುದೂ ಉಂಟು, ಜಾರುವುದೂ ಉಂಟು. ಇದರ ಪೂರ್ಣ ನಾಮಧೇಯ ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್. ಅಷ್ಟುದ್ದ ಹೇಳಬೇಕಾದರೆ ಅದೇ ಕೀಲು ನೆಟ್ಟಗಿರಬೇಕು. ಅದಕ್ಕೇ ಇರಬೇಕು, ಡಾಕ್ಟರುಗಳು ರೋಗಿಗಳ ಮೇಲೆ ಕರುಣೆಯಿಟ್ಟು ಟಿಎಂಜೆ ಎನ್ನುತ್ತಾರೆ.

ಗುಂಡು ಎಲುಬಿಗೂ ಅದರ ಮೇಲಿನ ತಲೆಬುರುಡೆಯ ತಗ್ಗಿಗೂ ನಡುವೆ ಗಟ್ಟಿ ನಾರಿನ ತೆಳ್ಳನೆಯ ಬಿಲ್ಲೆಯೊಂದಿದೆ. ಎಲುಬು ಮುಂದೆ ಜಾರಿದಾಗ ಬಿಲ್ಲೆಯೂ ಜೊತೆಗೆ ಹೋಗಬೇಕು, ಹಿಂದೆ ಬಂದಾಗ ಜೊತೆಗೆ ಬರಬೇಕು. ನನ್ನ ಎಡಬದಿಯ ಬಿಲ್ಲೆ ಎಲುಬಿನ ನೆತ್ತಿ ಬಿಟ್ಟು ಮುಂದಕ್ಕೆ ಸರಿದು ನಿಂತಿತ್ತು. ಬಾಯಿ ತೆರೆದಾಗ ಎಲುಬು ಅದರಡಿಗೆ ಹಾರಿ ಸೇರಿಕೊಳ್ಳುತ್ತಿತ್ತು, ಅದೇ ಕಟಕ್. ಕಿವಿಯ ಪಕ್ಕದಲ್ಲೇ ಆಗುವುದರಿಂದ ನಮಗೆ ಮಾತ್ರ ಅದು ಪಟಾಕಿ. 'ಅದಕ್ಕ ಎಷ್ಟೋ ಮಂದಿ ಮೊದಲು ಕಿವಿ ಡಾಕ್ಟರ ಕಡೆ ಹೋಗ್ತಾರ್ರಿ' ಎಂದರು ಡಾಕ್ಟರು. ಕಿವಿಗೂ ದವಡೆಗೂ ನೆಂಟಸ್ತಿಕೆ ಇನ್ನೂ ಹಳೆಯದು: ನಮ್ಮ ನಡುಗಿವಿಯಲ್ಲಿರುವ ಮೂರು ಸಣ್ಣ ಎಲುಬುಗಳ ಪೈಕಿ ಎರಡು, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜ ಪ್ರಾಣಿಗಳ ದವಡೆಯ ಕೀಲಾಗಿದ್ದವು. ಅಗಿಯುವ ಕೆಲಸ ಬಿಟ್ಟು ಕೇಳುವ ಕೆಲಸಕ್ಕೆ ಸೇರಿದವು. ನಮ್ಮ ಕಡೆ ಇಂಥ ಬಡ್ತಿಯನ್ನು ಯಾರೂ ತಾವಾಗಿ ಒಪ್ಪುವುದಿಲ್ಲ.

ಇನ್ನೊಂದು ತೊಡಕು. ಕೀಲು ಎರಡು, ಎಲುಬು ಒಂದೇ. ಕೆಳದವಡೆ ಈ ಕಿವಿಯಿಂದ ಆ ಕಿವಿಯ ತನಕ ಒಂದೇ ತುಂಡು; ಹಾಗಾಗಿ ಎಡಕೀಲು ಒಂದೇ ಮೇಯಲು ಹೋಗುವಂತಿಲ್ಲ, ಬಲಕೀಲು ಒಂದೇ ಮಲಗುವಂತಿಲ್ಲ. ಒಂದು ನೊಗಕ್ಕೆ ಕಟ್ಟಿದ ಜೋಡೆತ್ತು. ಒಕ್ಕಲುತನ ಮಾಡಿದವರಿಗೆ ಗೊತ್ತು: ಜೋಡಿಯಲ್ಲಿ ಒಂದು ಎತ್ತು ಸುಮ್ಮನೆ ನಡೆಯುವಂತೆ ಕಾಣುತ್ತದೆ, ಭಾರ ಅದರ ಹೆಗಲ ಮೇಲೇ ಇರುತ್ತದೆ. ಇಲ್ಲಿಯೂ ಹಾಗೆಯೇ. ಬಲಗಡೆ ರೊಟ್ಟಿ ಅಗಿಯುವಾಗ ಬಲಕೀಲು ಹೆಚ್ಚುಕಡಿಮೆ ಇದ್ದಲ್ಲೇ ತಿರುಗುತ್ತದೆ. ತಗ್ಗು ಬಿಟ್ಟು ಮುಂದೆ ಹೋಗಿ ಹಿಂದೆ ಬರುವುದೂ, ಹೆಚ್ಚು ಒತ್ತಡ ತಿನ್ನುವುದೂ ಎಡಕೀಲು. ಎಡಗಡೆ ನೋವೆಂದು ಬಲಗಡೆ ಅಗಿಯುವವರು ಯಾರಿಗೆ ವಿಶ್ರಾಂತಿ ಕೊಡುತ್ತಿದ್ದಾರೋ ಅವರಿಗೇ ಮೂಟೆ ಹೊರಿಸುತ್ತಿರುತ್ತಾರೆ.

ಈ ನೊಗವನ್ನು ಎಳೆಯುವ ಸ್ನಾಯುಗಳು ಒಂದೊಂದು ಬದಿಗೆ ನಾಲ್ಕು. ಹಲ್ಲು ಕಚ್ಚಿ ಹಿಡಿದು ಗಲ್ಲದ ಹಿಂಭಾಗ ಮುಟ್ಟಿದರೆ ಉಬ್ಬಿ ಬರುವುದು ಮ್ಯಾಸೆಟರ್. ಸಿಟ್ಟು ನುಂಗಿಕೊಂಡ ಮಾವನ ಮುಖದಲ್ಲಿ ಇದು ತಾನೇ ತಾನಾಗಿ ಕಾಣುತ್ತದೆ. ಕಣತಲೆಯ ಮೇಲೆ ಕೈಯಿಟ್ಟರೆ ಅಗಲವಾಗಿ ಹರಡಿಕೊಂಡು ಮಿಸುಕುವುದು ಟೆಂಪೊರಾಲಿಸ್. ಹಗಲೆಲ್ಲ ಹಲ್ಲು ಕಚ್ಚಿಕೊಂಡೇ ಇರುವವರಿಗೆ ಸಂಜೆ ತಲೆ ಸಿಡಿಯುವುದರಲ್ಲಿ ಇದರ ಪಾಲೂ ಇರುತ್ತದೆ. ಒಳಗೆ ಮರೆಯಲ್ಲಿರುವ ಮೂರನೆಯದು ಮೀಡಿಯಲ್ ಟೆರಿಗಾಯ್ಡ್. ಈ ಮೂರೂ ಬಾಯಿ ಮುಚ್ಚುವವು. ನಾಲ್ಕನೆಯ ಲ್ಯಾಟರಲ್ ಟೆರಿಗಾಯ್ಡ್ ಒಂದೇ ಎಲುಬನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಲು ದುಡಿಯುವುದು. ಗದ್ದದ ಕೆಳಗಿನ ಸಣ್ಣಪುಟ್ಟ ಸ್ನಾಯುಗಳು ಅದಕ್ಕೆ ಕೈಜೋಡಿಸುತ್ತವೆ. ನಾಲ್ಕಕ್ಕೂ ಅಪ್ಪಣೆ ಬರುವುದು ಮಿದುಳಿನಿಂದ ಹೊರಟ ಐದನೆಯ ನರದ ಒಂದೇ ಕವಲಿನಿಂದ.

ಇದನ್ನೆಲ್ಲ ಗೋಡೆಯ ಚಿತ್ರ ತೋರಿಸಿ ಡಾಕ್ಟರು ವಿವರಿಸುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿದಳು. 'ತಮ್ಮಾ, ಮುಚ್ಚಾಕ ಮೂರು, ತಗ್ಯಾಕ ಒಂದು ಅಂದ್ಯಲ್ಲ?'

'ಹೌದಬೇ.'

'ಹಂಗಾರ ಶಿವ ಏನು ಹೇಳ್ಯಾನ ಅನ್ನೂದು ಸ್ವಚ್ಛ ಐತಿ. ಇವಂಗ ತಿಳಿಸಿ ಹೇಳು.'

ಶಿವ ಹೇಳಿದ್ದನ್ನು ಈ ಸೀಮೆಯವರು ಮಾತ್ರ ಕೇಳಿದಂತಿಲ್ಲ. ನಮ್ಮ ಕಡೆಯ ಲಕ್ಷ್ಮೇಶ್ವರವನ್ನೇ ನೋಡಿ, ಹಿಂದೆ ಅದು ಪುಲಿಗೆರೆಯಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡೆಂದು ಗುರುತಿಸಿದ ಸೀಮೆಯ ಮೇರೆಯಲ್ಲಿ ಪುಲಿಗೆರೆಯೂ ಇದೆ. ಮುಂದೆ ಪಂಪನೂ ಅದೇ ಪುಲಿಗೆರೆಯ ತಿರುಳ್ಗನ್ನಡವನ್ನು ನೆನೆದಿದ್ದಾನೆ. ಸಾವಿರ ವರ್ಷಕ್ಕೂ ಮೇಲಾಯಿತು, ಆ ಊರಿನವರು ಆ ತಿರುಳನ್ನು ಆರಲು ಬಿಟ್ಟಿಲ್ಲ. ಶಿರಹಟ್ಟಿ ಬಸ್ಸಿಗೆ ಕಾಯುತ್ತ ಅಲ್ಲಿ ನಿಂತರೆ ಕಾಣುತ್ತದೆ: ಬಾಯಲ್ಲಿ ಶೇಂಗಾ, ಮೇಲೆ ಮಳೆಬೆಳೆಯ ಮಾತು, ನಡುವೆ ಒಂದು ನಗೆ, ಮೂರೂ ಕೆಲಸ ಒಂದೇ ಜೋಡಿ ಕೀಲಿನ ಮೇಲೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹುಡುಗರು 'ಆ' ಎಂದು ಬಾಯಿ ತೆರೆದು ಸ್ವರ ಹಚ್ಚುವುದೂ ಇದೇ ಕೀಲಿನಿಂದ. ಉಣ್ಣಲು ಬೇರೆ, ಆಡಲು ಬೇರೆ, ಹಾಡಲು ಬೇರೆ ಎಂದು ಮೂರು ಕೀಲು ಕೊಡುವಷ್ಟು ಧಾರಾಳ ಶಿವನಿಗಿರಲಿಲ್ಲ.

ಉಣ್ಣುವುದರಲ್ಲಿಯೂ ನಮ್ಮ ಕೀಲಿನದು ರಾಜಿ ಸೂತ್ರ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದಲ್ಲಿ ತೋಳವಿದೆ, ಕತ್ತೆಕಿರುಬವಿದೆ. ಅವುಗಳ ದವಡೆ ಹೆಚ್ಚುಕಡಿಮೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಹರಿದು ನುಂಗಲು ಅಷ್ಟು ಸಾಕು. ಗುಡ್ಡದ ಕೆಳಗಿನ ಹೊಲದ ಎತ್ತಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇಲ್ಲ. ಅದರ ದವಡೆ ಅಡ್ಡಡ್ಡ ಆಡುತ್ತ ಕಣಿಕಿಯನ್ನು ಅರೆಯುತ್ತದೆ. ಮನುಷ್ಯನಿಗೆ ಎರಡೂ ಬರುತ್ತದೆ. ಖಡಕ್ ರೊಟ್ಟಿಯ ಒಂದು ತುಂಡನ್ನು ಬಾಯಿಗಿಟ್ಟು ಗಮನಿಸಿ: ದವಡೆ ಕೊಂಚ ಮುಂದೆ ಬಂದು ಮುಂದಿನ ಹಲ್ಲಿನಿಂದ ಕಟ್ಟನೆ ಕಡಿಯುತ್ತದೆ, ಅಷ್ಟರ ಮಟ್ಟಿಗೆ ತೋಳ. ನಾಲಿಗೆ ತುಂಡನ್ನು ಹಿಂದಿನ ಹಲ್ಲಿಗೆ ತಳ್ಳುತ್ತದೆ, ದವಡೆ ಓರೆಯಾಗಿ ಇಳಿದು ಓರೆಯಾಗಿ ಏರಿ ಅರೆಯುತ್ತದೆ, ಅಲ್ಲಿಂದ ಎತ್ತು. ನುಂಗಿ 'ಇನ್ನೊಂದು ಹಾಕ್ರಿ' ಎಂದಾಗ ಮಾತ್ರ ಮನುಷ್ಯ.

ಇದರ ಸಾಮೂಹಿಕ ಪ್ರದರ್ಶನ ಬೇಕೆಂದರೆ ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋಗಬೇಕು. ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿ ನೋಡಲು ದೂರದವರು ಬರುತ್ತಾರೆ. ಹತ್ತಿರದವರು ಬರುವುದು ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮೊದಲೇ ಬಡಿದು ಒಣಗಿಸಿಟ್ಟ ಜೋಳದ ರೊಟ್ಟಿ ಸಾವಿರಗಟ್ಟಲೆ ಬಂದು ಬೀಳುತ್ತದೆ. ಕರಿಂಡಿ, ಪಲ್ಯ ಹಚ್ಚಿಕೊಂಡು ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ಇಡೀ ಪಂಕ್ತಿ ಒಮ್ಮೆಗೇ ರೊಟ್ಟಿ ಮುರಿದು ಅಗಿಯತೊಡಗಿದಾಗ, ಅದರ ನಡುವೆ ನನ್ನ ಕಟಕ್ ಯಾರಿಗೂ ಕೇಳುವುದಿಲ್ಲ. ಕಟಕ್ ಎನ್ನುವ ದವಡೆಯವರಿಗೆ ಇಷ್ಟು ಸುರಕ್ಷಿತ ಜಾಗ ಬೇರೊಂದಿಲ್ಲ.

ದವಡೆಗೆ ಪೆಟ್ಟು ತಿಂದವರು ಮರ್ಯಾದೆಯ ಮನೆತನದವರೇ ಎಂಬುದಕ್ಕೂ ನಮ್ಮಲ್ಲಿ ಆಧಾರವಿದೆ. ಹನುಮಪ್ಪನ ಗುಡಿಯಿಲ್ಲದ ಊರು ಈ ಕಡೆ ಸಿಗುವುದಿಲ್ಲ. ಸೂರ್ಯನನ್ನು ಹಣ್ಣೆಂದು ತಿಳಿದು ಬಾಯಿ ತೆರೆದು ಹಾರಿದ ಆ ಕೂಸಿಗೆ ಇಂದ್ರನ ವಜ್ರಾಯುಧದಿಂದ ಮುರಿದದ್ದು ಎಡದವಡೆ; 'ಹನು' ಎಂದರೆ ದವಡೆ, ಹೆಸರು ಬಂದದ್ದೂ ಆ ಪೆಟ್ಟಿನಿಂದಲೇ. ಮುಂಡರಗಿ ತಾಲೂಕಿನ ಅಂಚು ಸವರಿ ಹರಿಯುವ ತುಂಗಭದ್ರೆಯೇ ಮುಂದೆ ಆನೆಗೊಂದಿಗೆ, ಅಂಜನಾದ್ರಿಯ ಬುಡಕ್ಕೆ ಹೋಗುತ್ತದೆ. ಅಂದ ಮೇಲೆ ಎಡದವಡೆಯ ರೋಗಿಗಳಲ್ಲಿ ಹಿರಿಯನು ನಮ್ಮ ಹೊಳೆಯ ಕೆಳಗಿನವನೇ. ಬಾಯಿಗೆ ಹಿಡಿಸದ್ದಕ್ಕೆ ಬಾಯಿ ಹಾಕಬಾರದು ಎಂಬ ವೈದ್ಯಕೀಯ ಸಲಹೆಯೂ ಆ ಕತೆಯಲ್ಲೇ ಇದೆ.

ಬಾಯಿ ಅತಿಯಾಗಿ ತೆರೆದರೆ ಆಗುವ ಫಜೀತಿ ಬೇರೆ. ದೊಡ್ಡ ಆಕಳಿಕೆಗೆ ಕೀಲಿನ ಎಲುಬು ತನ್ನ ಮುಂದಿನ ದಿಬ್ಬವನ್ನೇ ದಾಟಿ ಆಚೆ ಬಿದ್ದುಬಿಟ್ಟರೆ, ಮುಚ್ಚುವ ಮೂರೂ ಸ್ನಾಯುಗಳು ಬಿಗಿದು ಅದನ್ನು ಅಲ್ಲೇ ಹಿಡಿದಿಡುತ್ತವೆ. ಬಾಯಿ ತೆರೆದದ್ದು ತೆರೆದಂತೆಯೇ. ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಹಲ್ಲಿನ ಮೇಲಿಟ್ಟು, ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ತಳ್ಳಿ ಕೂರಿಸುತ್ತಾರೆ. ದವಡೆಯನ್ನು ಕೈಯಿಂದಲೇ ಕೂರಿಸುವ ಈ ವಿದ್ಯೆ ಹಿಪೊಕ್ರೆಟಿಸನ ಕಾಲದಿಂದ, ಸುಮಾರು 2400 ವರ್ಷಗಳಿಂದ ನಡೆದುಬಂದಿದೆ. ಬಟ್ಟೆ ಸುತ್ತುವುದು ರೋಗಿಯ ಸಲುವಾಗಿ ಅಲ್ಲ. ದವಡೆ ಕೂತ ಕೂಡಲೇ ಬಾಯಿ ಗಪ್ಪನೆ ಮುಚ್ಚುತ್ತದೆ, ಹೆಬ್ಬೆರಳು ಡಾಕ್ಟರದ್ದು.

ತೆರೆಯದ ಬಾಯಿಯ ಕತೆ ಮಾತ್ರ ನಗುವಂಥದ್ದಲ್ಲ. ನೆಟ್ಟಗಿದ್ದ ಬಾಯಿ 40ರಿಂದ 50 ಮಿಲಿಮೀಟರು ತೆರೆಯುತ್ತದೆ. ಅವರವರ ಮೂರು ಬೆರಳು ಅಡ್ಡಕ್ಕೆ ಜೋಡಿಸಿಟ್ಟರೆ ಒಳಗೆ ಹೋಗಬೇಕು. ನಾನು ಹೊರಗೆ ಕಾಯುತ್ತಿದ್ದಾಗ ಇನ್ನೂ ಮೀಸೆ ಬಲಿಯದ ಹುಡುಗನೊಬ್ಬ ಕೂತಿದ್ದ, ಅವನ ಬಾಯಿಗೆ ಒಂದೇ ಬೆರಳು ಹೋಗುತ್ತಿತ್ತು. ಅವನ ಕೀಲಿನದೇನೂ ತಪ್ಪಿರಲಿಲ್ಲ. ಗುಟ್ಕಾದೊಳಗಿನ ಅಡಿಕೆ ಗಲ್ಲದ ಒಳಪದರವನ್ನು ನಾರುಗಟ್ಟಿಸಿ ಬಿಗಿದುಬಿಡುತ್ತದೆ. ಆ ಬಾಯಿಗೆ ಮುಂದೆ ಕ್ಯಾನ್ಸರಿನ ಭಯವೂ ಉಂಟು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಅಡಿಕೆಯದು ಒಂದು ಚೀಟಿ, ತಂಬಾಕಿನದು ಇನ್ನೊಂದು ಚೀಟಿ. ಎರಡನ್ನೂ ಕೂಡಿಸುವ ಕೆಲಸವನ್ನು ಗಿರಾಕಿಯ ಅಂಗೈ ವಹಿಸಿಕೊಂಡಿದೆ.

ನನಗೆ ಸಿಕ್ಕ ಔಷಧ ಸಾದಾ ಇತ್ತು. ಬಿಸಿ ಶಾಖ. ಆಕಳಿಕೆ ಬಂದರೆ ಗದ್ದಕ್ಕೆ ಕೈ ಆನಿಸಿಕೊಳ್ಳುವುದು. ಸುಮ್ಮನಿದ್ದಾಗ ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ. ಹಲ್ಲಿಗೆ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಮಾತ್ರ. ಕೆಲವು ವಾರ ಮೆತ್ತನೆಯ ಊಟ, ಸಣ್ಣ ತುತ್ತು, ಎರಡೂ ಕಡೆ ಅಗಿಯುವುದು. ಖಡಕ್ ರೊಟ್ಟಿ, ಕಡಲೆ, ಕರದಂಟು ಬಂದ್. ಮಾತು ಕಡಿಮೆ. ಮನೆಯಲ್ಲಿ ಅವ್ವನಿಗೆಂದು ಮಾಡುತ್ತಿದ್ದ ಮುಟಗಿ ನನಗೂ ಬಂತು: ಬಿಸಿ ರೊಟ್ಟಿ, ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿ, ಮೇಲೆ ಎಣ್ಣೆ ಬಿಟ್ಟು, ಉಂಡೆ ಕಟ್ಟಿದ್ದು. ಹಲ್ಲಿಲ್ಲದವರ ಊಟ ಹಲ್ಲಿದ್ದವರದಕ್ಕಿಂತ ರುಚಿ ಎಂಬ ಗುಟ್ಟನ್ನು ಅವ್ವ ಇಷ್ಟು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಊಟದ ಪಥ್ಯ ನಡೆಯಿತು, ಮಾತಿನ ಪಥ್ಯ ನಡೆಯಲಿಲ್ಲ. ಬೇನೆ ಕೇಳಲು ಬಂದವರಿಗೆ ಬೇನೆ ಹೇಳಬೇಡವೇ? ಒಬ್ಬೊಬ್ಬರಿಗೂ ಬಿಲ್ಲೆಯಿಂದ ಐದನೆಯ ನರದವರೆಗೆ ಹೇಳುವಷ್ಟರಲ್ಲಿ ದವಡೆ ಮತ್ತೆ ಕಾಯುತ್ತಿತ್ತು, ಅವ್ವ ಮತ್ತೆ ಉಪ್ಪು ಹುರಿಯುತ್ತಿದ್ದಳು. ಹೇಗೋ ನೋವು ಇಳಿಯಿತು. ಸದ್ದು ಉಳಿಯಿತು. 'ನೋವಿಲ್ಲ, ಬಾಯಿ ಪೂರಾ ತಗೀತದ ಅಂದ್ರ ಸದ್ದಿಗೆ ಔಷಧ ಬ್ಯಾಡ್ರಿ, ಭಾಳ ಮಂದಿಗೆ ಇರ್ತದ' ಎಂದರು ಡಾಕ್ಟರು. ಅವ್ವ ಬಾಗಿಲಲ್ಲೇ ನಿಂತು ಕೇಳಿದಳು: 'ತಮ್ಮಾ, ಉಣ್ಣಾಕ ಬಿಟ್ಟು ಮಾತಿಗೆ ಅಷ್ಟ ಬಂದ್ ಇಡಾಕ ಬರೂದಿಲ್ಲೇನು?' ಕೀಲು ಎರಡಕ್ಕೂ ಒಂದೇ ಎಂದು ಡಾಕ್ಟರು ಕೈಮುಗಿದರು.

ಈಗ ಮನೆಯಲ್ಲಿ ನನ್ನ ಮಾತು ಹೆಚ್ಚಾದರೆ ಅವ್ವ ಏನೂ ಅನ್ನುವುದಿಲ್ಲ, ಮೂರು ಬೆರಳು ತೋರಿಸುತ್ತಾಳೆ. ಅದು ತೆರೆಯಲು ಡಾಕ್ಟರು ಕೊಟ್ಟ ಅಳತೆಯೋ, ಮುಚ್ಚಲು ಶಿವ ಕೊಟ್ಟ ಸ್ನಾಯುಗಳ ಲೆಕ್ಕವೋ ಎಂದು ಕೇಳಿದರೆ 'ನೀನ ತಿಳಕೋ' ಎನ್ನುತ್ತಾಳೆ. ನಾನು ಒಂದು ತುಂಡು ರೊಟ್ಟಿ ಬಾಯಿಗೆ ಹಾಕಿಕೊಂಡು, ತಿಳಿದುಕೊಳ್ಳುವುದನ್ನು ಊಟ ಮುಗಿಯುವ ತನಕ ಮುಂದೂಡುತ್ತೇನೆ.